ಜಾಜಿನ ಪಥ್ಯ

ದೇವನೂರಿನ ಮಲ್ಲಾಜಮ್ಮನ ಕೈಗುಣ ದೊಡ್ಡದು ಅಂತ ಊರೆಲ್ಲ ಹೇಳುತ್ತಿತ್ತು. ಮಲ್ಲಾಜಮ್ಮ ಒಂದು ದಿನವಾದರೂ ಅದನ್ನು ಅಲ್ಲಗಳೆದವಳಲ್ಲ. ಮೈಮೇಲೆ ಸರ್ಪಸುತ್ತು ಎದ್ದು, ಸೊಂಟದ ಒಂದು ಮಗ್ಗುಲಿಗೆ ಪಟ್ಟಿ ಕಟ್ಟಿದ ಹಾಗೆ ಗುಳ್ಳೆ ಹಬ್ಬಿ, ಉರಿ ತಾಳಲಾರದೆ ಒದ್ದಾಡಿದವರು ಬೆಳಗಾಗುತ್ತಲೇ ಅವಳ ಜಗಲಿ ಹುಡುಕಿಕೊಂಡು ಬರುತ್ತಿದ್ದರು. ಪಕ್ಕದ ಹದಿನಾರು ಎಂಬ ಊರಿನ ರೈತರು ಡೈರಿಗೆ ಹಾಲು ಹಾಕಿ ಬರುವರು, ತಾಂಡ್ಯದ ಫ್ಯಾಕ್ಟರಿಯವರು ಶಿಫ್ಟು ಮುಗಿಸಿ ಬರುವರು. ಮಲ್ಲಾಜಮ್ಮ ಕಲ್ಲಿನ ಮೇಲೆ ಜಾಜಿನ ಹೆಂಟೆ ತೇದು, ಆ ಕೆಂಪುಮಣ್ಣನ್ನು ಉಂಗುರಬೆರಳಿಗೆ ತಗೊಂಡು, ಬಾಯಲ್ಲಿ ಏನೋ ಮಣಮಣ ಅನ್ನುತ್ತ ಗುಳ್ಳೆಯ ಸುತ್ತ ಬೇಲಿ ಹಾಕಿದ ಹಾಗೆ ಬರೆಯುವಳು. ಸರ್ಪದ ತಲೆಯೂ ಬಾಲವೂ ಕೂಡಿದರೆ ಜೀವಕ್ಕೇ ಕುತ್ತು, ಕೂಡದಂತೆ ತಡೆಯುವುದು ಜಾಜಿನ ಕೆಲಸ ಅಂತ ಅವಳ ಅತ್ತೆ ಹೇಳಿಕೊಟ್ಟಿದ್ದಳು. ದುಡ್ಡು ಮುಟ್ಟುತ್ತಿರಲಿಲ್ಲ. ಎಲೆ ಅಡಿಕೆ ಕೊಟ್ಟರೆ ಸಾಕು.

ಬರೆಸಿಕೊಳ್ಳುವುದು ಸುಲಭ, ಪಥ್ಯ ಕಷ್ಟ. ಬರೆಸಿಕೊಂಡವರು ಮೂರು ದಿನ ನೀರು ಮುಟ್ಟುವಂತಿಲ್ಲ, ಒಲೆ ಮುಂದೆ ಕೂರುವಂತಿಲ್ಲ, ಕೊಟ್ಟಿಗೆ ಕಡೆ ತಲೆ ಹಾಕುವಂತಿಲ್ಲ, ಭಾರ ಎತ್ತುವಂತಿಲ್ಲ. ಗಂಡಸರಿಗೆ ಇದು ಪಥ್ಯ ಅಂತಲೇ ಗೊತ್ತಾಗುತ್ತಿರಲಿಲ್ಲ, ಅವರು ಹಬ್ಬದ ದಿನವೂ ಹಾಗೇ ಇರುವವರು. ಹೆಂಗಸರು ಮಾತ್ರ ಮೊದಲನೇ ದಿನ ಚಡಪಡಿಸಿ, ಎರಡನೇ ದಿನ ನಿದ್ದೆ ಹೊಡೆದು, ಮೂರನೇ ದಿನ ಮುಗಿದೇ ಹೋಯಿತಲ್ಲ ಅಂತ ಮುಖ ಸಣ್ಣ ಮಾಡಿಕೊಳ್ಳುತ್ತಿದ್ದರು.

ಹೀಗೆ ಬರೆಸಿಕೊಂಡವರಲ್ಲೆಲ್ಲ ಖಾಯಂ ಗಿರಾಕಿ ಎಂದರೆ ಮಲ್ಲಾಜಮ್ಮನ ತಂಗಿ ವಿಶಾಲಮ್ಮ. ಅವಳನ್ನು ಕೊಟ್ಟಿದ್ದು ತಿ. ನರಸೀಪುರದ ಜವರಯ್ಯನಿಗೆ. ಜವರಯ್ಯ ಕೆಟ್ಟವನಲ್ಲ. ಕುಡಿಯುವವನಲ್ಲ, ಬಡಿಯುವವನಲ್ಲ. ಆದರೆ ಮದುವೆಯಾಗಿ ಮೂವತ್ತು ವರ್ಷವಾದರೂ ತನ್ನ ಮನೆಯಲ್ಲಿ ಸಕ್ಕರೆ ಡಬ್ಬಿ ಎಲ್ಲಿದೆ ಅಂತ ಗೊತ್ತಿಲ್ಲದ ಮನುಷ್ಯ. ಮನೆಯಲ್ಲಿ ನಾಲ್ಕು ಸೀಮೆಹಸು, ಗದ್ದೆ, ಬರುವವರು ಹೋಗುವವರು. ವಿಶಾಲಮ್ಮ ಯಾವ ಮದುವೆಗೆ ಹೊರಟರೂ ಅವನದು ಒಂದೇ ಮಾತು: "ಸಾಯಂಕಾಲ ಆಲು ಕರೆಯೋ ಒತ್ಗೆ ಬಂದ್ಬುಡು." ಅಪ್ಪ ಅವ್ವ ಹೋದ ಮೇಲೆ ಅವಳಿಗೆ ತವರು ಅಂತ ಉಳಿದಿದ್ದು ಅಕ್ಕನ ಮನೆಯೊಂದೇ, ಅಲ್ಲಿಗೂ ಇದೇ ಕಟ್ಟಳೆ.

ಐದಾರು ವರ್ಷದ ಹಿಂದೆ ವಿಶಾಲಮ್ಮನ ತೊಡೆಯ ಮೇಲೆ, ತೋಳಿನ ಮೇಲೆ ತೊಗರಿಕಾಳಿನಷ್ಟು ಕೆಂಪು ಗುಳ್ಳೆಗಳು ಎದ್ದವು. ಉರಿಯಿಲ್ಲ, ಅಷ್ಟೇನು ನವೆಯೂ ಇಲ್ಲ. ನಡುವೆ ಕಪ್ಪಗೆ ಹೊಪ್ಪಳೆ ಕಟ್ಟುವುದು, ಉದುರಿ ಬೆಳ್ಳಗೆ ಕಲೆ ಉಳಿಯುವುದು. ಇದು ಸರ್ಪಸುತ್ತಲ್ಲ ಎನ್ನುವುದು ಮಲ್ಲಾಜಮ್ಮನಿಗೆ ಕಂಡಕೂಡಲೇ ಗೊತ್ತಾಗಿತ್ತು. ಆದರೆ ತಂಗಿ ಅಷ್ಟು ದೂರದಿಂದ ಎರಡು ಬಸ್ಸು ಹತ್ತಿ ಬಂದಿದ್ದಾಳೆ, ಬರೆದರೆ ಕಳೆದುಕೊಳ್ಳುವುದೇನು ಅಂತ ಬರೆದಳು. ಗುಳ್ಳೆ ಹೋಯಿತು. ಎರಡು ತಿಂಗಳಿಗೆ ಮತ್ತೆ ಎದ್ದವು, ಮತ್ತೆ ಬರೆದಳು, ಮತ್ತೆ ಹೋದವು. ಜವರಯ್ಯ ಸರ್ಪ ಎಂದರೆ ಹುತ್ತದ ಕಡೆಗೂ ಕಾಲು ಚಾಚಿ ಮಲಗದವನು. "ಜಾಜಿನ ಪಥ್ಯ ಕೆಟ್ರೆ ಮನೆಗೇ ಒಳ್ಳೇದಲ್ಲ" ಅಂದುಬಿಟ್ಟಳು ಮಲ್ಲಾಜಮ್ಮ. ಅಂದಿನಿಂದ ಗುಳ್ಳೆ ಎದ್ದಾಗಲೆಲ್ಲ ಅವನೇ ಹೆಂಡತಿಯನ್ನು ಬಸ್‌ಸ್ಟ್ಯಾಂಡಿಗೆ ಬಿಟ್ಟು ಬರತೊಡಗಿದ.

ಆ ಮೂರು ದಿನ ದೇವನೂರಿನ ಜಗಲಿಯಲ್ಲಿ ವಿಶಾಲಮ್ಮನ ದರ್ಬಾರು ನೋಡಬೇಕಿತ್ತು. ಕಾಲು ನೀಡಿಕೊಂಡು, ಗೋಡೆಗೆ ಒರಗಿಕೊಂಡು, ಮೈಮೇಲೆಲ್ಲ ಕೆಂಪು ಕೆಂಪು ಚುಕ್ಕಿ ಬರೆಸಿಕೊಂಡು ಕೂತುಬಿಟ್ಟರೆ ದಾರಿಯಲ್ಲಿ ಹೋಗುವವರನ್ನೆಲ್ಲ ಕರೆದು ಮಾತಾಡಿಸುವಳು. ಅಕ್ಕ ಬಿಸಿ ರಾಗಿಮುದ್ದೆ, ಅವರೆಕಾಳಿನ ಸಾರು ತಂದು ಕೈಗಿಡುವಳು. ಊಟ ಮುಗಿದರೆ ತಟ್ಟೆ ಎತ್ತುವಂತಿಲ್ಲ, ನೀರು ಮುಟ್ಟಬಾರದಲ್ಲ! ಆಮೇಲೆ ಇಬ್ಬರೂ ಚಿಕ್ಕಂದಿನ ಮಾತು ತೆಗೆದು ನಗುವರು. ಮಲ್ಲಾಜಮ್ಮನ ಮಗ ಬಸವೇಶ ಕೆಲಸದಿಂದ ಬಂದವನು, "ಚಿಕ್ಕವ್ವ, ನಿಮ್ಮ ಕಾಯ್ಲೆ ನಂಗೂ ಒಸಿ ಕೊಡಿ" ಅಂತ ರೇಗಿಸುವನು.

ಎಲ್ಲ ಚೆನ್ನಾಗಿಯೇ ಇತ್ತು, ಆ ಒಂದು ಗಂಟು ಬರುವ ತನಕ.

ಅದು ಎಡಭುಜದ ಹಿಂದೆ ಎದ್ದಿತು. ಮೊದಲು ಉಳಿದವುಗಳ ಹಾಗೇ ಇತ್ತು, ಆಮೇಲೆ ಗೋಲಿಯಷ್ಟಾಯಿತು, ಮುಂದಿನ ಸಲ ಬಂದಾಗ ನೆಲ್ಲಿಕಾಯಿಯಷ್ಟಾಗಿತ್ತು. ಸಣ್ಣ ಗುಳ್ಳೆಗಳು ಬಂದವು, ಹೋದವು, ಇದು ಮಾತ್ರ ಜಪ್ಪಯ್ಯ ಅಂದರೂ ಕದಲಲಿಲ್ಲ. ಮಲ್ಲಾಜಮ್ಮನಿಗೆ ಮೊದಲು ಬಂದದ್ದು ಸಿಟ್ಟು.

"ಏನಮ್ಮಿ, ಊರ್ಗೆ ಓಗಿ ನೀರ್ ಮುಟ್ಬುಟ್ಟಾ?"

"ಮೂರ್ ದಿನ ನಿನ್ ಜಗಲೀಲೇ ಬಿದ್ದಿದ್ನಲ್ಲಕ್ಕ, ಯಾವ ನೀರ್ ಮುಟ್ಲಿ?"

"ಅಂಗಾದ್ರೆ ನುಗ್ಗೆಕಾಯ್ ತಿಂದಿರ್ಬೇಕು."

"ನುಗ್ಗೆಕಾಯ್ ಸಾರ್ ಮಾಡ್ದೋಳು ನೀನೇ ಕಣಕ್ಕ!"

ಮಲ್ಲಾಜಮ್ಮ ಎದ್ದು ಜಾಜು ಹುಡುಕಿದಳು. ನೋಡಿದರೆ ಹೆಂಟೆ ಮುಗಿದುಹೋಗಿತ್ತು. ಹೆಸರುವಾಸಿ ಕೈ, ಜಾಜಿಲ್ಲ ಅಂತ ಹೇಳುವುದುಂಟೆ? ಒಳಗೆ ಹೋಗಿ, ಸೊಸೆಯ ರಂಗೋಲಿ ಡಬ್ಬಿಯಿಂದ ಕೆಂಪು ಪುಡಿ ಒಂದು ಚಿಟಿಕೆ ತೆಗೆದು ನೀರಿಗೆ ಕಲಸಿಕೊಂಡು ಬಂದಳು. ರಂಗೋಲಿ ಪುಡಿಗೆ ಮಂತ್ರ ಹೇಳುವುದಕ್ಕೆ ಅವಳಿಗೇ ನಾಚಿಕೆಯಾಗಿ ಸುಮ್ಮನೆ ತುಟಿ ಅಲ್ಲಾಡಿಸಿದಳು.

ಸಣ್ಣ ಗುಳ್ಳೆಗಳೆಲ್ಲ ಎಂದಿನಂತೆ, ಎಂದಿನಷ್ಟೇ ದಿನಕ್ಕೆ ಮಾಯವಾದವು ಅಂತ ವಿಶಾಲಮ್ಮ ಊರಿಗೆ ಹೋದ ಮೇಲೆ ಫೋನು ಮಾಡಿ ಹೇಳಿದಳು. "ಗಂಟು ಅಂಗೇ ಅದೆ. ಓಗ್ಲಿ ಬುಡು, ನೋಯಲ್ಲ."

ಫೋನು ಇಟ್ಟ ಮಲ್ಲಾಜಮ್ಮ ಮೆಟ್ಟಿಲ ಮೇಲೆ ಕೂತುಬಿಟ್ಟಳು. ತನ್ನ ಬಲಗೈಯನ್ನು ತಿರುಗಿಸಿ ಮುರುಗಿಸಿ ನೋಡಿಕೊಂಡಳು. ಜಾಜಿಲ್ಲದಿದ್ದರೂ ಗುಳ್ಳೆ ಹೋಗುತ್ತದೆ, ಮಂತ್ರವಿಲ್ಲದಿದ್ದರೂ ಹೋಗುತ್ತದೆ, ಹಾಗಾದರೆ ಈ ಐದಾರು ವರ್ಷ ತಾನು ಮಾಡಿದ್ದೇನು? ಅವಳಿಗೆ ಬೇಜಾರಾಯಿತು. ಅದಕ್ಕಿಂತ ಹೆಚ್ಚಾಗಿ ಭಯವಾಯಿತು. ಹೋಗುವುದೆಲ್ಲ ತಾನಾಗಿಯೇ ಹೋಗುವುದಾದರೆ, ಹೋಗದೆ ಕೂತಿರುವುದು ಏನು?

ನಂಜನಗೂಡಿನಲ್ಲಿ ಚರ್ಮದ ಡಾಕ್ಟರು ಮೇಘನಾ ಹೊಸದಾಗಿ ಕ್ಲಿನಿಕ್ಕು ತೆರೆದಿದ್ದರು. ಒಂದು ದಿನ ಮಲ್ಲಾಜಮ್ಮ ಸೆರಗನ್ನು ತಲೆ ತುಂಬ ಹೊದ್ದು, ಕಳ್ಳಿಯ ಹಾಗೆ ಅಲ್ಲಿಗೆ ಹೋದಳು. ಹೋದರೆ ಕಾಯುವ ಬೆಂಚಿನ ಮೇಲೆ ಕೂತವರಲ್ಲಿ ಅರ್ಧ ಜನ ಅವಳ ಗಿರಾಕಿಗಳೇ.

"ಅಯ್ಯೋ, ಮಲ್ಲಾಜಮ್ನೋರು! ನೀವೇನು ಇಲ್ಲಿ?"

"ಬಸ್ಸಿಗೆ ಕಾಯ್ತಾ ಇವ್ನಿ ಕಣಪ್ಪ."

"ಬಸ್ಸು ಇಲ್ಲಿಗ್ ಬರಲ್ವಲ್ಲಮ್ಮ!"

"ನೀನು ಇಲ್ಲೀಗಂಟ ಬಂದಿದ್ದೀಯಲ್ಲ, ಜಾಜು ಬರೆಸ್ಕೊಂಡೋನು?" ಅಂದಳು. ಅವನು ತಲೆ ತಗ್ಗಿಸಿದ.

ಡಾಕ್ಟರು ಸಣ್ಣ ವಯಸ್ಸಿನವರು, ಮಗಳ ಹಾಗಿದ್ದರು. ಮಲ್ಲಾಜಮ್ಮ ತಂಗಿಯ ಗುಳ್ಳೆಯ ಬಣ್ಣ, ಹೊಪ್ಪಳೆ, ಕಲೆ, ಜಾಜು, ಗಂಟು ಎಲ್ಲವನ್ನೂ ಹೇಳಿದಳು. ರಂಗೋಲಿ ಪುಡಿಯ ಮಾತೊಂದನ್ನು ಮಾತ್ರ ನುಂಗಿಕೊಂಡಳು. ಡಾಕ್ಟರು ಪೆನ್ನು ಕೆಳಗಿಟ್ಟು ಕೇಳಿಸಿಕೊಂಡರು.

"ಅಮ್ಮ, ನೋಡದೆ ಏನೂ ಹೇಳೋಕಾಗಲ್ಲ. ಆದ್ರೆ ಇಂಥದ್ದೇ ಒಂದು ಕಾಯಿಲೆ ಇದೆ. ನಮ್ಮ ಮೈ ಕಾಯೋ ಬಿಳಿ ರಕ್ತಕಣಗಳಿವೆಯಲ್ಲ, ಅವುಗಳಲ್ಲಿ ಒಂದು ಜಾತಿ ಸುಮ್‌ಸುಮ್ನೆ ಚರ್ಮದಲ್ಲಿ ಬಂದು ಗುಂಪು ಸೇರುತ್ತೆ, ಗುಳ್ಳೆ ಆಗುತ್ತೆ, ಆಮೇಲೆ ತಾನಾಗೇ ಚದುರಿ ಹೋಗುತ್ತೆ. ವರ್ಷಗಟ್ಲೆ ಹೀಗೇ. ಈ ಕಾಯಿಲೆಗೆ ಯಾರು ಏನು ಮದ್ದು ಕೊಟ್ರೂ ಫಲಿಸುತ್ತೆ, ಯಾಕಂದ್ರೆ ಮದ್ದು ಕೊಡದೇ ಇದ್ರೂ ಹೋಗುತ್ತೆ."

ಮಲ್ಲಾಜಮ್ಮ ಮಿಸುಕಾಡಿದಳು.

"ಅದರಿಂದ ಜೀವಕ್ಕೇನೂ ತೊಂದ್ರೆ ಇಲ್ಲ. ಆದ್ರೆ ಹತ್ತು ಜನದಲ್ಲಿ ಒಬ್ರಿಗೋ ಇಬ್ರಿಗೋ ಅದರ ಜೊತೆಗೆ ಲಿಂಫೋಮಾ ಅಂತ, ಅದೇ ಕಣಗಳ ಕ್ಯಾನ್ಸರ್, ಸೇರ್ಕೊಳ್ಳುತ್ತೆ. ಮುಂಚೆ ಬರಬಹುದು, ಜೊತೇಲಿ ಬರಬಹುದು, ಎಷ್ಟೋ ವರ್ಷ ಆದ್ಮೇಲೂ ಬರಬಹುದು. ಬೆಳೀತಾ ಹೋಗೋ ಗಂಟು ಇದ್ರೆ ಕಾಯಬಾರದು. ಅದನ್ನೂ ಒಂದು ಹೊಸ ಗುಳ್ಳೆಯನ್ನೂ ಚೂರು ಕತ್ತರಿಸಿ ಪರೀಕ್ಷೆ ಮಾಡಿಸ್ಬೇಕು. ಜಾಜು ಬಳೀದೆ ಕರ್ಕೊಂಡ್ ಬನ್ನಿ."

"ಜಾಜಿಂದ ಕೆಟ್ಟದ್ದಾಯ್ತಾ ಡಾಕ್ಟ್ರಮ್ಮ?"

"ಜಾಜು ಏನೂ ಮಾಡಿಲ್ಲಮ್ಮ. ಒಳ್ಳೇದೂ ಇಲ್ಲ, ಕೆಟ್ಟದ್ದೂ ಇಲ್ಲ. ಆದ್ರೆ ಅದರಿಂದ ವಾಸಿ ಆಯ್ತು ಅಂತ ಇಷ್ಟು ವರ್ಷ ಯಾವ ಡಾಕ್ಟರಿಗೂ ತೋರಿಸ್ಲಿಲ್ಲ ನೋಡಿ."

ಆ ಹುಡುಗಿ ಬೈದಿದ್ದರೆ ಮಲ್ಲಾಜಮ್ಮ ತಿರುಗಿ ಬೈದು ಹಗುರಾಗುತ್ತಿದ್ದಳು. ಮೆತ್ತಗೆ ಹೇಳಿದ್ದರಿಂದ ಬಸ್ಸಿನಲ್ಲಿ ಊರು ಮುಟ್ಟುವ ತನಕ ಕಣ್ಣು ಒರೆಸಿಕೊಳ್ಳಬೇಕಾಯಿತು.

ಹದಿನೈದು ದಿನ ಕಳೆದು ವಿಶಾಲಮ್ಮ ಹೊಸ ಗುಳ್ಳೆಗಳ ಜೊತೆ ನಗುನಗುತ್ತ ಬಂದಿಳಿದಳು. ಚೀಲದಲ್ಲಿ ಅಕ್ಕನಿಗೆ ಅಂತ ಗಿಣ್ಣು ಹಾಲು. ಬಂದವಳೇ ಕುಪ್ಪಸದ ತೋಳು ಮಡಚಿ ಜಗಲಿಯಲ್ಲಿ ಕೂತಳು. ಮಲ್ಲಾಜಮ್ಮ ಕಲ್ಲು ತರಲಿಲ್ಲ.

"ನಾಳೆ ನಂಜನಗೂಡಿಗೆ ಓಗದು. ಡಾಕ್ಟ್ರಿಗೆ ತೋರ್ಸದು."

"ಯಾಕೆ? ನಿನ್ ಕೈಗೇನಾಯ್ತು?"

"ಗಂಟು ಓಗ್ಲಿಲ್ವಲ್ಲಮ್ಮಿ."

"ಇನ್ನೊಂದ್ ಸಲ ಬರಿ, ಓಯ್ತದೆ. ಡಾಕ್ಟ್ರೂ ಬ್ಯಾಡ, ಗೀಕ್ಟ್ರೂ ಬ್ಯಾಡ. ನಂಗೆ ನಿನ್ ಕೈಯೇ ಸಾಕು."

ಮಲ್ಲಾಜಮ್ಮ ಗದರಿಸಿದಳು, ಪುಸಲಾಯಿಸಿದಳು, ಡಾಕ್ಟರು ಹೇಳಿದ್ದನ್ನೆಲ್ಲ ಒಪ್ಪಿಸಿದಳು. ಕ್ಯಾನ್ಸರ್ ಎನ್ನುವ ಮಾತನ್ನೂ ಹೇಳಿದಳು. ವಿಶಾಲಮ್ಮ ಕಂಬ ಹಿಡಿದು ಕೂತವಳು ಅಲ್ಲಾಡಲಿಲ್ಲ. "ಅಕ್ಕನ ಕೈಗುಣ" ಎನ್ನುವ ಒಂದೇ ಮಾತು. ಈ ಕೈಗುಣವೇ ತಂಗಿಯನ್ನು ಕೊಲ್ಲುತ್ತದೆ ಅಂತ ಮಲ್ಲಾಜಮ್ಮನಿಗೆ ಖಚಿತವಾಯಿತು. ಇನ್ನು ಮುಚ್ಚಿಟ್ಟು ಫಲವಿಲ್ಲ. ಒಳಗೆ ಹೋಗಿ ರಂಗೋಲಿ ಡಬ್ಬಿ ತಂದು ತಂಗಿಯ ಮುಂದೆ ಕುಕ್ಕಿದಳು.

"ನೋಡು, ಓದ್ ಸಲ ನಿಂಗೆ ಬರ್ದಿದ್ದು ಇದು. ಜಾಜಲ್ಲ. ಮಂತ್ರಾನೂ ಏಳಿಲ್ಲ. ಆದ್ರೂ ಗುಳ್ಳೆ ಓಯ್ತು. ನನ್ ಕೈಲಿ ಏನೂ ಇಲ್ಲ ಕಣಮ್ಮಿ! ಅವು ಬತ್ತಿದ್ದೂ ತಾನೇ, ಓಯ್ತಿದ್ದೂ ತಾನೇ. ನನ್ ಕೈ ನಂಬ್ಕೊಂಡು ಸಾಯ್ಬ್ಯಾಡ!"

ನಲವತ್ತು ವರ್ಷ ಜನ ಕೈಮುಗಿದ ಕೈಯನ್ನು ತಾನೇ ತಳ್ಳಿ ಬೀಳಿಸಿದ್ದಳು. ತಂಗಿ ಅಳಬಹುದು, ಮೋಸ ಮಾಡಿದೆ ಅಂತ ಬಯ್ಯಬಹುದು ಅಂದುಕೊಂಡಳು. ವಿಶಾಲಮ್ಮ ಡಬ್ಬಿಯ ಮುಚ್ಚಳ ತೆಗೆದಳು, ಮೂಸಿದಳು, ಮುಚ್ಚಿದಳು.

"ನಂಗೊತ್ತು ಕಣಕ್ಕ."

"ಏನ್ ಗೊತ್ತು?"

"ಅವು ತಾನಾಗೇ ಓಯ್ತವೆ ಅನ್ನದು. ಕೊರೊನಾದಲ್ಲಿ ಬಸ್ ನಿಂತಿತ್ತಲ್ಲ? ಆವಾಗ ಎರಡ್ ಮೂರ್ ಸಲ ಎದ್ದೊ. ಮನೇಲೇ ಇದ್ದೆ, ನೀರ್ ಮುಟ್ದೆ, ಸಗಣಿ ಬಾಚ್ದೆ, ಎಲ್ಲಾ ಮಾಡ್ದೆ. ಆದ್ರೂ ಓದೊ."

ಮಲ್ಲಾಜಮ್ಮನಿಗೆ ನಗಬೇಕೋ ಹೊಡೆಯಬೇಕೋ ತಿಳಿಯಲಿಲ್ಲ. "ಗೊತ್ತಿದ್ದೂ ಎರಡ್ ಬಸ್ ಅತ್ಕೊಂಡ್ ಯಾಕ್ ಬತ್ತಿದ್ದೆ ಮತ್ತೆ?"

ವಿಶಾಲಮ್ಮ ಡಬ್ಬಿಯನ್ನು ಪಕ್ಕಕ್ಕೆ ಸರಿಸಿದಳು. ನಗು ಮುಖದಲ್ಲೇ ಇತ್ತು, ಕಣ್ಣಲ್ಲಿ ಮಾತ್ರ ನೀರು ತುಂಬಿತ್ತು.

"ಇನ್ಯಾವುದ್ಕೆ ಕಳಿಸ್ತಾರಕ್ಕ ನನ್ನ? ಅಬ್ಬಕ್ಕೆ ಕಳಿಸ್ತಾರಾ? ಮೂರ್ ದಿನ ಕುಂತ್ಕೊಂಡ್ ಉಣ್ಣೋಕೆ ನಂಗೆ ಇನ್ನೆಲ್ಲಿ ಆಯ್ತದೆ? ನೀನು ಬೆನ್ ಮ್ಯಾಲೆ ಬರಿತಾ ಇದ್ರೆ ಅವ್ವ ತಲೆ ಬಾಚ್ದಂಗಾಯ್ತದೆ. ಡಾಕ್ಟ್ರು ಮಾತ್ರೆ ಕೊಟ್ರೆ ಮುಗೀತು, ಮಾತ್ರೆ ನುಂಗಿ ಅಸ ಕರಿ ಅಂತಾರೆ. ಮಾತ್ರೆಗೆ ಪಥ್ಯ ಎಲ್ಲದೆ?"

ಇವಳು ಕಾಯಿಲೆಗೆ ಹೆದರಿದವಳಲ್ಲ, ವಾಸಿಯಾದೀತು ಅಂತ ಹೆದರಿದವಳು! ಮಲ್ಲಾಜಮ್ಮ ಹತ್ತಿರ ಹೋಗಿ ತಂಗಿಯ ತಲೆಯನ್ನು ಎದೆಗೆ ಒತ್ತಿಕೊಂಡಳು. ಇಬ್ಬರೂ ಚೆನ್ನಾಗಿ ಅತ್ತರು. ಗಿಣ್ಣು ಹಾಲು ಕಾಯಿಸಲು ಹೋಗಿದ್ದ ಸೊಸೆ ಹೆದರಿ ಆಚೆ ಬಂದು ನೋಡಿ, ಇವರದು ಇದ್ದದ್ದೇ ಅಂತ ಒಳಕ್ಕೆ ಹೋದಳು.

ಕಣ್ಣು ಒರೆಸಿಕೊಂಡ ಮಲ್ಲಾಜಮ್ಮ ಫೋನು ತಗೊಂಡು ಜವರಯ್ಯನಿಗೆ ಹಚ್ಚಿದಳು. ಮಂತ್ರ ಹೇಳುವಾಗಿನ ದನಿ ತೆಗೆದಳು.

"ಜವರಯ್ಯೋರೇ, ಈ ಸಲ ನನ್ ಕೈಲಿ ಬಗೆಹರಿಯಲ್ಲ. ಡಾಕ್ಟ್ರು ಕತ್ತರಿ ಆಕ್ತಾರೆ. ಕತ್ತರಿ ಬಿದ್ಮೇಲೆ ಪಥ್ಯ ಮೂರ್ ದಿನಕ್ಕೆ ಮುಗಿಯಲ್ಲ, ರಿಪೋರ್ಟ್ ಬರೋಗಂಟ. ನೀರು, ಒಲೆ, ಕೊಟ್ಟಿಗೆ ಯಾವ್ದೂ ಇಲ್ಲ. ಗೊತ್ತಾಯ್ತಾ?"

"ಅಸ ಯಾರ್ ಕರೀತಾರೆ ಅತ್ಗೆ?"

"ಕೈ ಇರೋರು ಕರೀತಾರೆ."

ಮಾರನೆಯ ದಿನ ಮೇಘನಾ ಡಾಕ್ಟರು ಸೂಜಿ ಹಾಕಿ ಮರಗಟ್ಟಿಸಿ, ಒಂದು ಹೊಸ ಗುಳ್ಳೆಯನ್ನೂ ಗಂಟಿನ ಚೂರನ್ನೂ ತೆಗೆದು ಮೈಸೂರಿಗೆ ಕಳಿಸಿದರು. ರಿಪೋರ್ಟಿನಲ್ಲಿ ಸಣ್ಣ ಗುಳ್ಳೆಗೆ ಬಂದ ಹೆಸರು ಲಿಂಫೊಮಟಾಯ್ಡ್ ಪ್ಯಾಪುಲೋಸಿಸ್. "ಇಷ್ಟ್ ಸಣ್ ಗುಳ್ಳೆಗೆ ಇಷ್ಟುದ್ದ ಹೆಸರಾ!" ಅಂದಳು ವಿಶಾಲಮ್ಮ. ಗಂಟು ಬೇರೆಯದೇ. ಅದು ಲಿಂಫೋಮಾ. ಡಾಕ್ಟರು ಆ ಮಾತನ್ನು ಹೇಳಿದಾಗ ಮಲ್ಲಾಜಮ್ಮ ತಂಗಿಯ ಕೈ ಹಿಡಿದುಕೊಂಡಳು.

ಮೈಸೂರಿನಲ್ಲಿ ಸ್ಕ್ಯಾನು ಆಯಿತು. ಚರ್ಮ ಬಿಟ್ಟು ಒಳಗೆಲ್ಲೂ ಇಳಿದಿಲ್ಲ, ಗಂಟಿಗೆ ಮೂರು ವಾರ ಕರೆಂಟು ಕೊಟ್ಟರೆ ಕರಗುತ್ತದೆ, ಈ ಬಗೆಯದು ಸಾಮಾನ್ಯವಾಗಿ ಮಾತು ಕೇಳುವ ಜಾತಿ ಅಂತ ಅಲ್ಲಿನ ಡಾಕ್ಟರು ಹೇಳಿದರು. ಕರೆಂಟು ಎಂದರೆ ರೇಡಿಯೇಶನ್ನು. ಮೊದಲ ದಿನ ಅಲ್ಲಿನ ಹುಡುಗಿ ವಿಶಾಲಮ್ಮನ ಭುಜದ ಮೇಲೆ ಗಂಟಿನ ಸುತ್ತ ಬಣ್ಣದ ಪೆನ್ನಿನಲ್ಲಿ ಗೆರೆ ಎಳೆದು, "ಇದನ್ನ ಅಳಿಸ್ಬೇಡಿ, ಟ್ರೀಟ್‌ಮೆಂಟ್ ಮುಗಿಯೋವರೆಗೂ ಈ ಜಾಗ ಉಜ್ಜಿ ತೊಳೀಬೇಡಿ" ಅಂದಳು. ವಿಶಾಲಮ್ಮ ಹೊರಗೆ ಬಂದವಳು ನಗು ತಡೆಯಲಾರದೆ ಗೋಡೆ ಹಿಡಿದುಕೊಂಡಳು. "ಅಕ್ಕಾ, ಇವ್ರೂ ಬರೀತಾರೆ ಕಣೇ! ನಿನ್ನಷ್ಟ್ ಚೆನ್ನಾಗ್ ಬರಲ್ಲ, ಗೆರೆ ಸೊಟ್ಟ." ಆಸ್ಪತ್ರೆಯ ಆ ಕಾರಿಡಾರಿನಲ್ಲಿ ನಗುತ್ತಿದ್ದವರು ಅವರಿಬ್ಬರೇ.

ಮೂರು ವಾರ ದೇವನೂರಿನಿಂದಲೇ ಓಡಾಟ. ಬಸವೇಶ ಬೈಕಿನಲ್ಲಿ ಒಬ್ಬೊಬ್ಬರನ್ನಾಗಿ ನಂಜನಗೂಡಿಗೆ ಬಿಡುವನು, ಅಲ್ಲಿಂದ ಅಕ್ಕ ತಂಗಿ ಮೈಸೂರು ಬಸ್ಸು. ದಾರಿಯುದ್ದಕ್ಕೂ ಕಡಲೆಕಾಯಿ, ಮಾತು. ಸಂಜೆ ಮಾತ್ರ ವಿಶಾಲಮ್ಮ ಸುಸ್ತಾಗಿ ಬೇಗ ಮಲಗುವಳು. ಆಗ ಮಲ್ಲಾಜಮ್ಮ ಅವಳ ಪಕ್ಕ ಕೂತು ಭುಜವನ್ನೇ ನೋಡುವಳು. ನೆಲ್ಲಿಕಾಯಿ ಗೋಲಿಯಾಯಿತು, ಗೋಲಿ ಕಾಳಾಯಿತು, ಕೊನೆಗೆ ಬರೀ ಕಂದು ಕಲೆ. ಜಗಲಿಗೆ ಸರ್ಪಸುತ್ತಿನವರು ಬಂದರೆ, "ಮೊದ್ಲು ಡಾಕ್ಟ್ರಿಗೆ ತೋರ್ಸಿ, ಆಮೇಲೆ ಬೇಕಾದ್ರೆ ಬನ್ನಿ, ಬರೀತೀನಿ" ಅನ್ನತೊಡಗಿದ್ದಳು. ಕೆಲವರು ಬೇಸರಪಟ್ಟುಕೊಂಡು ಹೋದರು. ಹೋಗಲಿ ಅಂದಳು.

ಎಲ್ಲ ಮುಗಿದ ಮೇಲೆ ಹೆಂಡತಿಯನ್ನು ಕರೆದುಕೊಂಡು ಹೋಗಲು ಜವರಯ್ಯನೇ ಬಂದ. ಮನುಷ್ಯ ಇಳಿದುಹೋಗಿದ್ದ. ಬೆರಳಿಗೆ ಸುಟ್ಟ ಗಾಯ, ಪಟ್ಟಿ. ಕಾಫಿ ಲೋಟ ಹಿಡಿದುಕೊಂಡು ಕೇಳಿದ.

"ಅತ್ಗೆ, ಪೂರ್ತಾ ವಾಸಿ ಆಯ್ತಾ?"

ಹಿಂದಿನ ಮಲ್ಲಾಜಮ್ಮನಾಗಿದ್ದರೆ, ನನ್ನ ಕೈಗೆ ಬಂದ ಮೇಲೆ ಅನುಮಾನವೇ ಅಂದುಬಿಡುತ್ತಿದ್ದಳು. ಈಗಿನವಳು, "ಗಂಟು ಓಯ್ತು. ಕಾಯ್ಲೆ ಓಗಿಲ್ಲ, ಓಗದೂ ಇಲ್ಲ. ಸಣ್ ಗುಳ್ಳೆ ಬತ್ತಾವೆ, ಓಯ್ತಾವೆ. ಇನ್ನೊಂದ್ ಗಂಟು ಬಂದ್ರೂ ಬರ್ಬೋದು, ಬರ್ದೇನೂ ಇರ್ಬೋದು. ಇರೋಗಂಟ ಡಾಕ್ಟ್ರಿಗೆ ತೋರಿಸ್ತಾ ಇರ್ಬೇಕು" ಅಂದಳು.

ಜವರಯ್ಯ ಲೋಟ ಕೆಳಗಿಟ್ಟ. ಅವನ ಮುಖ ನಿಜವಾಗಿಯೂ ಬಾಡಿತು. "ಅಂಗಾರೆ ಇನ್ಮುಂದೆ ಗುಳ್ಳೆ ಎದ್ದಾಗ್ಲೆಲ್ಲ ಇಲ್ಗೆ ಕಳಿಸ್ಬೇಕು ಅನ್ನಿ."

ಮಲ್ಲಾಜಮ್ಮ ಹೌದೆನ್ನಲು ಬಾಯಿ ತೆರೆದಳು. ನಾಲಗೆಯ ತುದಿಯಲ್ಲಿ ಹೊಸದೊಂದು ಪಥ್ಯ ಸಿದ್ಧವಾಗಿತ್ತು. ಅಷ್ಟರಲ್ಲಿ ವಿಶಾಲಮ್ಮ ಚೀಲ ಹಿಡಿದು ಒಳಗಿನಿಂದ ಬಂದು ಬಾಗಿಲಲ್ಲಿ ನಿಂತಳು.

"ಗುಳ್ಳೆ ಎದ್ರೆ ಡಾಕ್ಟ್ರ ತಕ್ಕೆ ಓಯ್ತೀನಿ. ಅಕ್ಕನ ಮನೇಗೆ ನಾನು ಚೆನ್ನಾಗಿರುವಾಗ ಬತ್ತೀನಿ."

"ಚೆನ್ನಾಗಿರುವಾಗ ಇಲ್ಲೇನ್ ಕೆಲ್ಸ?"

"ಏನೂ ಇಲ್ಲ. ಅದ್ಕೇ ಬತ್ತೀನಿ."

ಜವರಯ್ಯ ಹೆಂಡತಿಯ ಮುಖ ನೋಡಿದ. ಇದಕ್ಕೆ ಯಾವ ಶಾಸ್ತ್ರ, ಯಾವ ಪಥ್ಯ ಅಂತ ಮಲ್ಲಾಜಮ್ಮನ ಕಡೆ ನೋಡಿದ. ಮಲ್ಲಾಜಮ್ಮ ತುಟಿ ಬಿಗಿಹಿಡಿದು ಸುಮ್ಮನಿದ್ದಳು. ಅವನು ಎದ್ದು ಬಂದು ವಿಶಾಲಮ್ಮನ ಕೈಯಿಂದ ಚೀಲ ತಗೊಂಡ, ಮೆಟ್ಟಿಲಿಳಿಯುತ್ತ ಅವಳ ಕಡೆ ನೋಡದೆಯೇ ಅಂದ:

"ನಾಕ್ ದಿನ ಮುಂಚೆ ಏಳ್ಬುಡು. ಆಲು ಕರೆಯೋದು ಬತ್ತದೆ ಈಗ, ಸಾರು ಇನ್ನೂ ಸರಿಯಾಗ್ ಬತ್ತಿಲ್ಲ."